ಅತ್ತೆಯ ಟಾರ್ಗೆಟ್

ಭಾವನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಅದನ್ನು ಅವನು ಕೊರತೆ ಎಂದುಕೊಂಡಿರಲಿಲ್ಲ, ಬಿರುದು ಎಂದುಕೊಂಡಿದ್ದ. ಬಸ್ಸಿಗೆ ಕಾಯುವಾಗ ಹಿಮ್ಮಡಿ ಎತ್ತಿ ಇಳಿಸುತ್ತಿದ್ದ. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುತ್ತಿದ್ದ. ಸಾವಿನ ಮನೆಗೆ ಹೋದರೂ ಮೂಲೆಯಲ್ಲಿ ನಿಂತು ಕುತ್ತಿಗೆಯನ್ನು ಗರಗರ ತಿರುಗಿಸುತ್ತಿದ್ದ; ಗೊತ್ತಿಲ್ಲದವರು ಪಾಪ, ದುಃಖ ತಡೆಯಲಾಗುತ್ತಿಲ್ಲ ಎಂದು ಮರುಗುತ್ತಿದ್ದರು.

ಅವನ ಕೆಲಸ ಬಟ್ಟೆ ಕಾರ್ಖಾನೆಯಲ್ಲಿ. ಹೊಲಿಯುವುದಲ್ಲ, ಹೊಲಿಯುವವರ ಬೆನ್ನ ಹಿಂದೆ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು. ಒಂದು ಕಾಲರ್ ಕೂರಿಸಲು ಎಷ್ಟು ಹೊತ್ತು ಬೇಕು ಎಂದು ಅಳೆದು, ಗಂಟೆಗೆ ಇಷ್ಟು ಎಂದು ಟಾರ್ಗೆಟ್ ಕಟ್ಟುವುದು. ಅಲ್ಲಿನ ಹೆಂಗಸರು ಅವನಿಗೆ ಸೆಕೆಂಡ್ ಮುಳ್ಳು ಎಂದು ಹೆಸರಿಟ್ಟಿದ್ದರು. ಅದೇ ಕಾಲರ್ ಸಾಲಿನಲ್ಲಿ ಅವನ ಹೆಂಡತಿಯ ತಂಗಿಯೂ ಕೂರುತ್ತಿದ್ದಳು. ಮನೆಯವರೆಲ್ಲ ಅವಳನ್ನು ಸಣ್ಣಿ ಎನ್ನುತ್ತಿದ್ದರು. ಕೆಲಸ ಕೊಡಿಸಿದವನು ಭಾವನೇ. ಅದನ್ನು ಅವನು ಮರೆತ ದಿನವಿಲ್ಲ, ಅವಳಿಗೆ ಮರೆಯಲು ಬಿಟ್ಟ ದಿನವೂ ಇಲ್ಲ.

ವರ್ಷಕ್ಕೊಮ್ಮೆ ಯಂತ್ರಗಳ ದುರಸ್ತಿಗೆಂದು ಕಾರ್ಖಾನೆಗೆ ಒಂದು ವಾರ ಬೀಗ ಬೀಳುತ್ತಿತ್ತು. ಆ ವಾರ ಭಾವ ಸಮುದ್ರದ ದಡದಲ್ಲಿ ಎರಡು ಕೋಣೆ ಹಿಡಿದ. ಅವನು, ಅಕ್ಕ, ಸಣ್ಣಿ ಮತ್ತು ಅಮ್ಮ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗಾಲಿನ ಪಾದದ ಕೀಲು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಪ್ಲಾಸ್ಟರಿನೊಳಗಿಂದ ಹೊರಬಂದ ಕಾಲು ಸುಲಿದ ಕೋಳಿಯ ಕಾಲಿನಂತೆ ಬೆಳ್ಳಗೆ, ತೆಳ್ಳಗೆ ಇತ್ತು. "ನಡೆಸಿ, ಆದ್ರೆ ನೋವು ಅಂದ ಕೂಡ್ಲೇ ಕೂರಿಸಿ" ಎಂದಿದ್ದರು ಡಾಕ್ಟರು. ಭಾವ ನೆನಪಿಟ್ಟುಕೊಂಡದ್ದು ಮೊದಲ ಒಂದು ಪದ ಮಾತ್ರ.

ಅಮ್ಮನಿಗೆ ಆ ಕಾಲು ನಡೆಯಲಿಕ್ಕಿಂತ ಹೆಚ್ಚಾಗಿ ಹೊಲಿಯಲಿಕ್ಕೆ ಬೇಕಿತ್ತು. ಒಂದು ಕೋಣೆಯ ಬಾಡಿಗೆ ಮನೆ, ಮುಂದಿನ ಅರ್ಧದಲ್ಲಿ ಹೊಲಿಗೆ ಯಂತ್ರ, ಹಿಂದಿನ ಅರ್ಧದಲ್ಲಿ ಒಲೆ ಮತ್ತು ಹಾಸಿಗೆ. ಎರಡು ಶಾಲೆಗಳ ಸಮವಸ್ತ್ರ ಅವಳ ಕೈಯಲ್ಲಿತ್ತು. ಬಟ್ಟೆಯನ್ನು ಎಡಗೈ ನಡೆಸಬೇಕು, ವೇಗವನ್ನು ಬಲಗಾಲು ಹಿಡಿಯಬೇಕು, ಅದು ಅವಳ ಅಭ್ಯಾಸ. ಮೋಟರ್ ಹಾಕಿಸಿಕೋ ಎಂದು ಹೇಳಿದವರಿಗೆಲ್ಲ, "ಮೋಟರಿಗೂ ಪೆಡಲ್ ಒತ್ತಬೇಕಲ್ಲಪ್ಪ, ಮೂಗಿಂದ ಒತ್ಲಾ?" ಎಂದು ಕೇಳುತ್ತಿದ್ದಳು.

ಶಾಲೆ ಶುರುವಾಗುವ ಮುಂಚೆ ಅವಳು ಯಂತ್ರಕ್ಕೆ ವಾಪಸ್ ಕೂರಬೇಕಿತ್ತು. ಕೂರದಿದ್ದರೆ ಏನಾಗುತ್ತದೆ ಎಂದು ಭಾವ ಹೊರಡುವ ಮೊದಲೇ ಸಾರಿಬಿಟ್ಟಿದ್ದ. "ವಾರದ ಕೊನೆಗೆ ನೋಡೋಣ ಅತ್ತೆ. ಕಾಲು ಗಟ್ಟಿ ಅಂತ ಅನ್ನಿಸಿದ್ರೆ ನಿಮ್ಮ ಮನೆಗೆ. ಇಲ್ಲಾಂದ್ರೆ ಸೀದಾ ನಮ್ಮನೆಗೆ. ಒಬ್ರೇ ಬಿದ್ದು ಒದ್ದಾಡೋದು ಬೇಡ."

ಮಾತು ಕೇಳಲಿಕ್ಕೆ ಪ್ರೀತಿಯದೇ. ಬಸ್ಸಿನಲ್ಲಿ ಅಮ್ಮ ಸಣ್ಣಿಯ ಕಿವಿಗೆ ಬಾಯಿಟ್ಟು, "ಆ ಮನೇಲಿ ನಾನು ಬದುಕಲ್ಲ ಕಣೇ. ಉಸಿರು ಎಳ್ಕೊಳ್ಳೋಕೂ ಪೀಪಿ ಊದ್ತಾನೆ ನಿನ್ ಭಾವ" ಎಂದಳು.

ಮುಂದಿನ ಸೀಟಿನಲ್ಲಿ ಭಾವ ಕೂತಲ್ಲೇ ಹೊಟ್ಟೆ ಒಳಗೆಳೆದು ಬಿಡುವ ವ್ಯಾಯಾಮ ಮಾಡುತ್ತಿದ್ದ.

ಕೋಣೆಗಳು ಮೇಲಿನ ಮಹಡಿಯಲ್ಲಿದ್ದವು. ಕಬ್ಬಿಣದ ಮಂಚ, ಚಪ್ಪಟೆಯಾದ ಹಾಸಿಗೆ, ಕೆಮ್ಮಿ ಕೆಮ್ಮಿ ನೀರುಗುಳುವ ನಲ್ಲಿ, ಉಪ್ಪು ಹಿಡಿದು ಮಂಜಾದ ಕಿಟಕಿ ಗಾಜು. ಎದುರಿಗೆ ಸಮುದ್ರದ ಅಲೆ ತಡೆಯಲು ಕಟ್ಟಿದ ಉದ್ದನೆಯ ಗೋಡೆ, ಅದರ ಮೇಲೆ ಓಡಾಡಲು ದಾರಿ. ದಾರಿಯುದ್ದಕ್ಕೂ ದೂರ ದೂರಕ್ಕೆ ಒಂದೊಂದು ಸಿಮೆಂಟಿನ ಬೆಂಚು. ಕಟ್ಟಿಸಿದವರು ಜನ ಕೂತು ಸಮುದ್ರ ನೋಡಲಿ ಎಂದು ಕಟ್ಟಿಸಿದ್ದರು. ಭಾವನಿಗೆ ಅವು ಮೈಲಿಗಲ್ಲುಗಳಾಗಿ ಕಂಡವು.

ಮೊದಲ ಬೆಳಿಗ್ಗೆಯೇ ಸೀಟಿ ಊದಿದ. ಹೌದು, ಸೀಟಿ ತಂದಿದ್ದ. ಅಕ್ಕ ಕಣ್ಣು ತೆರೆಯದೆಯೇ ಎದ್ದು ನಿಂತಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ಕಲಿತದ್ದು ಇದೊಂದನ್ನೇ: ಗಂಡ ಹೇಳಿದ್ದನ್ನು ನಿದ್ದೆಯಲ್ಲೇ ಮಾಡಿ ಮುಗಿಸುವುದು. ಎಲ್ಲರೂ ಗೋಡೆಯ ಮೇಲೆ ಸಾಲಾಗಿ ನಿಂತು ಕೈ ಬೀಸಿದರು, ಸೊಂಟ ತಿರುಗಿಸಿದರು. ಕೆಳಗೆ ಮರಳಲ್ಲಿ ಬೇರೆ ಊರುಗಳಿಂದ ಬಂದವರು ಒಣಹಾಕಿದ ಬಟ್ಟೆಗಳ ಹಾಗೆ ಬಿದ್ದುಕೊಂಡಿದ್ದರು. ಸಣ್ಣಿಗೆ ಅವರ ಮೇಲೆ ಹೊಟ್ಟೆಕಿಚ್ಚಾಯಿತು.

"ನೋಡು ಅಲ್ಲಿ," ಎಂದ ಭಾವ, "ಎಲ್ಲಾ ಡ್ಯಾಮೇಜ್ ಪೀಸುಗಳು. ರಜೆ ಅಂದ್ರೆ ಮೈ ತುಕ್ಕು ಹಿಡಿಸೋದಲ್ಲ."

ಪಕ್ಕದ ಕೋಣೆಯಲ್ಲಿ ಒಬ್ಬ ಔಷಧಿ ಅಂಗಡಿಯವ ಇಳಿದಿದ್ದ. ಅವನ ಹೊಟ್ಟೆ ಅವನಿಗಿಂತ ಮೊದಲು ಬಾಗಿಲು ದಾಟುತ್ತಿತ್ತು. ಸೀಟಿಯ ಸದ್ದಿಗೆ ಬೈಯಲು ಹೊರಬಂದವನು ಭಾವನ ಭಾಷಣ ಕೇಳಿ ಅಲ್ಲೇ ಶಿಷ್ಯನಾದ. ಜೀವಮಾನವಿಡೀ ಬೇರೆಯವರಿಗೆ ಗುಳಿಗೆ ಮಾರಿದವನು ಗುಳಿಗೆಯಿಲ್ಲದ ಆರೋಗ್ಯ ಸಿಗುತ್ತದೆ ಅಂದರೆ ನಂಬದೆ ಇರುತ್ತಾನೆಯೇ? ಭಾವನಿಗೂ ಕೇಳುವ ಕಿವಿ ಬೇಕಿತ್ತು. ಇಬ್ಬರಿಗೂ ಒಬ್ಬರನ್ನೊಬ್ಬರು ದೇವರೇ ಕಳಿಸಿದ್ದ ಹಾಗಾಯಿತು.

"ಅತ್ತೆಗೆ ಇವತ್ತಿನ ಟಾರ್ಗೆಟ್ಟು," ಎಂದ ಭಾವ, "ಮೊದಲನೇ ಬೆಂಚು ಮುಟ್ಟಿ ವಾಪಸ್ಸು. ಕೂರಂಗಿಲ್ಲ. ಮುಟ್ಟಿ ವಾಪಸ್ಸು."

ಅಮ್ಮ ಹೋದಳು. ಹೋಗುವುದನ್ನು ನೋಡಿ ಸಣ್ಣಿ ಕೈ ಬೀಸುವುದನ್ನು ನಿಲ್ಲಿಸಿದಳು. ಅಮ್ಮ ನಿಧಾನಕ್ಕೆ ಹೋಗುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು, ಸೆರಗು ಬಿಗಿದುಕೊಂಡು, ಸಾಲ ಕೊಟ್ಟವನಿಂದ ತಪ್ಪಿಸಿಕೊಂಡು ಓಡುವವಳ ಹಾಗೆ ದಾಪುಗಾಲು ಹಾಕುತ್ತಿದ್ದಳು. ಮುಟ್ಟಿದಳು, ತಿರುಗಿದಳು, ಬಂದಳು. ಬಂದವಳೇ ಹಣೆಯ ಬೆವರು ಒರೆಸಿಕೊಂಡು, ವಸತಿಗೃಹದ ಬಾಗಿಲ ಬಳಿ ಹಾಕಿದ್ದ ಕುರ್ಚಿಯ ಕಡೆ ಕಣ್ಣು ಹಾಯಿಸಿದಳು.

ಭಾವ ಗಡಿಯಾರ ನೋಡಿ ಹುಬ್ಬೇರಿಸಿದ. "ಏನ್ ಅತ್ತೆ! ಇಷ್ಟು ಬೇಗ! ಹಾಗಾದ್ರೆ ನಾನು ಕಮ್ಮಿ ಹಾಕ್ಬಿಟ್ಟಿದೀನಿ. ನಾಳೆಗೆ ಎರಡನೇ ಬೆಂಚು."

"ಆಗ್ಲಿ," ಎಂದಳು ಅಮ್ಮ.

ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದ ಹುಡುಗಿಗೆ ಸೂಜಿಗೆ ದಾರ ಹಾಕುವುದನ್ನು ಕಲಿಸುವ ಮೊದಲು ಬೇರೊಂದನ್ನು ಕಲಿಸುತ್ತಾರೆ. ಸೆಕೆಂಡ್ ಮುಳ್ಳು ಬೆನ್ನ ಹಿಂದೆ ಬಂದು ನಿಂತಾಗ ಬೇಗ ಮುಗಿಸಬಾರದು. ದಾರ ಕಡಿಯಬೇಕು, ಸೂಜಿ ಮೊಂಡಾಯಿತು ಎನ್ನಬೇಕು, ಕಾಲರನ್ನು ಎರಡು ಸಲ ತಿರುವಿ ನೋಡಬೇಕು. ಅವನೆದುರು ಒಮ್ಮೆ ಚುರುಕು ತೋರಿಸಿದರೆ ಆ ಚುರುಕೇ ನಾಳೆಯಿಂದ ಎಲ್ಲರ ಕನಿಷ್ಠ. ಹಾಗೆ ತೋರಿಸಿದ ಹುಡುಗಿಯ ಜೊತೆ ಊಟಕ್ಕೆ ಯಾರೂ ಕೂರುವುದಿಲ್ಲ. ಇದು ಸಣ್ಣಿಗೆ ರಕ್ತದಲ್ಲಿ ಇಳಿದಿತ್ತು. ಅಮ್ಮನಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಅಮ್ಮ ತನ್ನ ಮನೆಯಲ್ಲಿ, ತನ್ನ ಯಂತ್ರಕ್ಕೆ ತಾನೇ ಯಜಮಾನಿಯಾಗಿ ಹೊಲಿದವಳು. ಕೈಯಲ್ಲಿದ್ದ ಪೀಸು ಬೇಗ ಮುಗಿದರೆ ಬೇಗ ಕಾಲು ಚಾಚಬಹುದು, ಅವಳ ಲೋಕದ ಲೆಕ್ಕ ಅಷ್ಟೇ.

ಮಧ್ಯಾಹ್ನ ಮಹಡಿಯ ಮೇಲೆ ಬಟ್ಟೆ ಹರವುವಾಗ ಸಣ್ಣಿ ಅದನ್ನು ಹೇಳಿದಳು.

"ಅಮ್ಮಾ, ನಿಧಾನ ಮಾಡು. ನೀನು ಬೇಗ ಮುಗಿಸ್ತಿದ್ರೆ ಅವ್ರು ಜಾಸ್ತಿ ಮಾಡ್ತಾನೇ ಹೋಗ್ತಾರೆ."

"ಹುಚ್ಚು ಹುಡುಗಿ. ಬೇಗ ಮುಗಿಸಿದ್ರೆ ತಾನೇ ಬೇಗ ಬಿಡೋದು?"

"ಬಿಡಲ್ಲಮ್ಮ. ಅವ್ರ ಕೆಲಸವೇ ಅದು. ಕುಂಟ್ಕೊಂಡು ಬಾ. ಅರ್ಧ ದಾರೀಲಿ ಕೂತ್ಕೋ. ಅಯ್ಯೋ ಅನ್ನು."

ಅಮ್ಮ ಒದ್ದೆ ಟವೆಲ್ಲನ್ನು ಫಟ್ಟೆಂದು ಕೊಡವಿದಳು. "ಕುಂಟಿದ್ರೆ ಕಾಲು ಗಟ್ಟಿ ಇಲ್ಲ ಅಂತಾನೆ. ಗಂಟು ಮೂಟೆ ಕಟ್ಟಿಸಿ ತನ್ ಮನೆಗೆ ಕರ್ಕೊಂಡು ಹೋಗ್ತಾನೆ. ಬೇಡಮ್ಮ ನಿನ್ ಐಡಿಯಾ. ಒಂದು ವಾರ ತಾನೇ? ಹಲ್ಲು ಕಚ್ಕೊಂಡು ಮಾಡಿ ಬಿಸಾಕ್ತೀನಿ."

"ನೋವಿದೆಯಾ?"

"ಇಲ್ದೆ ಇರುತ್ತಾ?" ಎಂದಳು ಅಮ್ಮ, ಹವಾಮಾನದ ಬಗ್ಗೆ ಹೇಳಿದ ಹಾಗೆ. "ರಾತ್ರಿ ಒಳಗೆ ಯಾರೋ ಗರಗಸ ಆಡಿಸಿದ ಹಾಗಾಗುತ್ತೆ. ನಿನ್ ಅಕ್ಕನ ಮುಂದೆ ಉಸಿರೆತ್ತಬೇಡ, ಅವಳ ಹೊಟ್ಟೇಲಿ ಮಾತು ನಿಲ್ಲಲ್ಲ."

ಎರಡನೆಯ ಬೆಂಚು ಮುಗಿಯಿತು. ಮೂರನೆಯದೂ ಮುಗಿಯಿತು. ಪ್ರತಿ ಸಲವೂ ಅಮ್ಮ ಬೇಗ ಮುಗಿಸಿದಳು, ಪ್ರತಿ ಸಲವೂ ಭಾವ ಸಂತೋಷಪಟ್ಟ, ಪ್ರತಿ ಸಂತೋಷಕ್ಕೂ ಒಂದು ಬೆಂಚು ಹೆಚ್ಚಾಯಿತು. ಔಷಧಿ ಅಂಗಡಿಯವನಿಗೂ ಅದೇ ಟಾರ್ಗೆಟ್ಟು. ಆದರೆ ಆ ಮನುಷ್ಯ ಬದುಕುವುದನ್ನು ಬಲ್ಲವ. ಗೋಡೆ ತಿರುಗುವ ಕಡೆ, ಭಾವನ ಕಣ್ಣಿಗೆ ಕಾಣದ ಜಾಗದಲ್ಲಿ ನಿಂತು ಒಂದು ಸಿಗರೇಟು ಸೇದಿ, ಮುಖಕ್ಕೆ ನೀರು ಚಿಮುಕಿಸಿಕೊಂಡು ಏದುಸಿರು ಬಿಡುತ್ತ ವಾಪಸ್ ಬರುತ್ತಿದ್ದ. "ಅಬ್ಬಾ, ಜೀವ ಹೋಯ್ತು ಗುರುಗಳೇ!" ಎನ್ನುತ್ತಿದ್ದ. ಭಾವ ಅವನ ಬೆನ್ನು ತಟ್ಟಿ ಕುರ್ಚಿಯಲ್ಲಿ ಕೂರಿಸುತ್ತಿದ್ದ. ಇಡೀ ದಿನ ಜನ ಕೆಲಸ ಮಾಡುವುದನ್ನು ಅಳೆಯುವುದೇ ಕಸುಬಾದವನಿಗೆ ಒಬ್ಬ ಕಳ್ಳನನ್ನು ಗುರುತಿಸಲು ಆಗಲಿಲ್ಲ. ಗಡಿಯಾರ ನೋಡುವವನು ಮನುಷ್ಯನ ಮುಖ ನೋಡುವುದನ್ನು ಯಾವತ್ತೋ ಬಿಟ್ಟಿರುತ್ತಾನೆ.

ಸಣ್ಣಿ ಒಂದು ಸಲ ಬಾಯಿ ಬಿಟ್ಟಳು. ಊಟದ ಹೊತ್ತು. ಅಮ್ಮನ ಕಾಲು ಮೇಜಿನ ಕೆಳಗೆ ಚಪ್ಪಲಿಯ ಪಟ್ಟಿಯನ್ನು ಮೀರಿ ಉಬ್ಬಿದ್ದು ಅವಳಿಗೆ ಕಾಣುತ್ತಿತ್ತು.

"ಭಾವ, ಡಾಕ್ಟರು ನೋವಾದ್ರೆ ಕೂರಿಸಿ ಅಂದಿದ್ರು."

ಭಾವ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬೇರ್ಪಡಿಸಿ ಅಕ್ಕನ ತಟ್ಟೆಗೆ ಹಾಕುತ್ತಿದ್ದ. ತಲೆಯೆತ್ತಿ ನಕ್ಕ. "ನೋಡೇ, ನಿನ್ ತಂಗಿ ಕಾರ್ಖಾನೆ ಫ್ಲೋರಿನ ಬುದ್ಧೀನ ಇಲ್ಲಿಗೂ ತಂದಿದಾಳೆ. ಕೆಲಸ ಮಾಡೋರಿಗೆ ಏನೂ ಆಗಿರಲ್ಲ, ಪಕ್ಕದಲ್ಲಿ ಕೂತೋರಿಗೆ ಸುಸ್ತು."

"ಅವ್ರಿಗೆ ಗೊತ್ತಿಲ್ವೇನೇ," ಎಂದಳು ಅಕ್ಕ, ಹಳದಿ ಬಾಯಿಗೆ ಹಾಕಿಕೊಳ್ಳುತ್ತ. ಇದು ಅವಳ ಪಲ್ಲವಿ. ಮಳೆ ಬರುತ್ತದೋ ಇಲ್ಲವೋ ಎಂದು ಕೇಳಿದರೂ ಅವ್ರಿಗೆ ಗೊತ್ತಿಲ್ವೇನೇ ಎನ್ನುವವಳು.

"ಕೇಳೇ ಬಿಡೋಣ," ಎಂದ ಭಾವ. "ಅತ್ತೆ, ಮುಚ್ಚುಮರೆ ಬೇಡ. ನೋವಿದೆಯಾ?"

ಅಮ್ಮ ಸಣ್ಣಿಯ ಕಡೆ ನೋಡಲಿಲ್ಲ. "ಏನೂ ಇಲ್ಲಪ್ಪ. ಮೊದಲಿಗಿಂತ ಹಗುರಾಗಿದೆ."

"ನೋಡಿದ್ಯಾ?" ಭಾವ ಸಣ್ಣಿಯ ಕಡೆ ಚಮಚ ಚಾಚಿದ. "ಮುಂದಿನ ತಿಂಗಳು ಲೈನ್ ಲೀಡರ್ ಪಟ್ಟಿಗೆ ನಿನ್ ಹೆಸರು ಹಾಕೋಣ ಅಂತಿದೀನಿ. ಲೀಡರ್ ಆಗೋರು ಹೀಗೆ ಅಳುಮುಂಜಿ ಆಗಬಾರದು ನಾದಿನಿಯವರೇ."

ಸಣ್ಣಿಯ ಬಾಯಿಗೆ ಅಲ್ಲಿಗೆ ಬೀಗ ಬಿತ್ತು. ಅಮ್ಮನ ಕಾಲು ಊದಿದೆ ನೋಡಿ ಎಂದು ಮೇಜಿನ ಬಟ್ಟೆ ಎತ್ತಿದ್ದರೆ ಸಾಕಿತ್ತು. ಎತ್ತಲಿಲ್ಲ. ಅನ್ನ ಕಲಸುತ್ತಾ ಕೂತಳು. ಎತ್ತಿದರೆ ಅಮ್ಮ ಗಂಟು ಮೂಟೆ ಕಟ್ಟಬೇಕಾಗುತ್ತದಲ್ಲ, ಅದಕ್ಕೇ ಸುಮ್ಮನಿದ್ದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳೇನೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಲೈನ್ ಲೀಡರಿಗೆ ಇಡೀ ದಿನ ಕೂತು ಬೆನ್ನು ಮುರಿದುಕೊಳ್ಳುವ ಕೆಲಸವಿಲ್ಲ, ನಿಂತು ಬೈಯುವ ಕೆಲಸ.

ಮರುದಿನ ಸಂಜೆ ಭಾವನಿಗೆ ಹೊಸ ಹುರುಪು ಬಂತು. ಇನ್ನು ಎರಡು ದಿನಕ್ಕೆ ರಜೆ ಮುಗಿಯುತ್ತದೆ, ಏನಾದರೂ ದೊಡ್ಡದು ಮಾಡಬೇಕು. ಅಮ್ಮನಿಗೂ ಔಷಧಿ ಅಂಗಡಿಯವನಿಗೂ ಪಂದ್ಯ ಇಟ್ಟ. ಗೋಡೆಯ ಕೊನೆಯ ಬೆಂಚಿನವರೆಗೆ ಹೋಗಬೇಕು, ಅಲ್ಲಿಂದ ಮರಳಿಗೆ ಇಳಿಯುವ ಮೆಟ್ಟಿಲು ಇಳಿದು ಹತ್ತಿ ವಾಪಸ್ ಬರಬೇಕು. ಸುತ್ತ ಜನ ಸೇರಿದರು. ರಜೆಯಲ್ಲಿ ಬಂದವರಿಗೆ ನೋಡಲು ಏನಾದರೂ ಬೇಕಲ್ಲ. ಮುದುಕಿಯೊಬ್ಬಳು ಕುಂಟದೆ ಓಡಲು ಒದ್ದಾಡುವುದು ಸಮುದ್ರಕ್ಕಿಂತ ಚೆನ್ನಾಗಿತ್ತು. ಅಕ್ಕ ಮೊಬೈಲು ಹಿಡಿದು ಚಿತ್ರ ತೆಗೆಯಲು ನಿಂತಳು.

"ಅತ್ತೆ, ಇದು ಪಾಸಾದ್ರೆ ನಿಮ್ಮ ಮನೆಗೆ ನೀವು," ಎಂದ ಭಾವ ಎಲ್ಲರಿಗೂ ಕೇಳುವಂತೆ. "ಮಾತು ಅಂದ್ರೆ ಮಾತು."

ಅಮ್ಮನ ಕಣ್ಣು ಹೊಳೆಯಿತು. ಅಷ್ಟು ದಿನದಲ್ಲಿ ಅವಳ ಕಣ್ಣು ಹೊಳೆದದ್ದು ಅದೇ ಮೊದಲು.

ಭಾವ ಸೀಟಿ ಊದಿದ. ಅಂಗಡಿಯವ ಯಥಾಪ್ರಕಾರ ತಿರುವಿನಲ್ಲಿ ಮಾಯವಾದ. ಅಮ್ಮ ಬೆಂಚು ದಾಟಿದಳು, ಮೆಟ್ಟಿಲಿಳಿದು ಮರೆಯಾದಳು, ಮತ್ತೆ ಕಂಡಳು. ವಾಪಸ್ ಬರುವಾಗ ಅವಳ ಬಲಗಾಲು ನೆಲಕ್ಕೆ ತಾಗಿದಾಗಲೆಲ್ಲ ತುಟಿ ಒಳಗೆ ಹೋಗುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ಬಂದು ಭಾವನೆದುರು ನಿಂತು ಗೋಡೆಗೆ ಕೈ ಊರಿಕೊಂಡಳು.

"ಆಯ್ತಲ್ಲಪ್ಪ?"

ಭಾವ ಗಡಿಯಾರ ನೋಡುತ್ತಿದ್ದ. ಅವನ ಮುಖ ಅರಳಿತು. ಕಾಲರ್ ಸಾಲಿನಲ್ಲಿ ಯಾರಾದರೂ ಹೊಸ ಹುಡುಗಿ ತಿಳಿಯದೆ ಚುರುಕು ತೋರಿಸಿದಾಗ ಅವನ ಮುಖ ಹೀಗೇ ಅರಳುವುದನ್ನು ಸಣ್ಣಿ ಎಷ್ಟೋ ಸಲ ನೋಡಿದ್ದಳು. ಅದು ಕೆಟ್ಟತನವಲ್ಲ. ಕೆಟ್ಟತನವಾಗಿದ್ದರೆ ಬೈಯಬಹುದಿತ್ತು. ಅದು ಶುದ್ಧ ಆನಂದ, ಮೊಲೆಹಾಲು ಕುಡಿದ ಮಗುವಿನ ಆನಂದ.

"ಅತ್ತೇ! ಅವ್ರಿನ್ನೂ ಬಂದೇ ಇಲ್ಲ! ನಿಮ್ಮಲ್ಲಿ ಇನ್ನೂ ಎಷ್ಟು ಶಕ್ತಿ ಇದೆ ಅಂತ ನಿಮಗೇ ಗೊತ್ತಿಲ್ಲ. ಇನ್ನೊಂದು ರೌಂಡು. ಮೆಟ್ಟಿಲು ಮಾತ್ರ. ಹೂಂ!"

"ಮಾತು ಕೊಟ್ಟಿದ್ರಿ," ಎಂದಳು ಅಮ್ಮ.

"ಮಾತು ಹಾಗೇ ಇದೆ. ಇದೊಂದು ಬೋನಸ್ಸು. ಎಲ್ಲಾ ನೋಡ್ತಿದಾರೆ ಅತ್ತೆ!"

"ಭಾವ, ಸಾಕು," ಎಂದಳು ಸಣ್ಣಿ. ಹೇಳಿದ್ದು ಹೌದು. ಆದರೆ ಚಪ್ಪಾಳೆಯ ನಡುವೆ, ತನಗೇ ಕೇಳದಷ್ಟು ಮೆಲ್ಲಗೆ.

ಅಮ್ಮ ತಿರುಗಿದಳು. ಮೆಟ್ಟಿಲ ತಲೆಯಲ್ಲಿ ಒಂದು ಕ್ಷಣ ನಿಂತಳು. ಯಾರಾದರೂ ಕೂಗಿ ಕರೆಯುತ್ತಾರೇನೋ ಎಂಬಂತೆ ಹಿಂತಿರುಗಿ ನೋಡಿದಳು. ಭಾವ ಹೆಬ್ಬೆರಳು ಎತ್ತಿ ತೋರಿಸಿದ. ಕೆಳಗಿನ ಮೆಟ್ಟಿಲುಗಳಿಗೆ ಅಲೆ ಬಡಿದು ಪಾಚಿ ಕಟ್ಟಿತ್ತು. ಮೊದಲ ಸಲ ಅವಳು ಗೋಡೆ ಹಿಡಿದು ಇಳಿದಿದ್ದಳು. ಈ ಸಲ ಬೇಗ ಮುಗಿಸಬೇಕು ಅಂದುಕೊಂಡಳೋ ಏನೋ, ಹಿಡಿಯಲಿಲ್ಲ.

ಸದ್ದು ದೊಡ್ಡದೇನಲ್ಲ. ಒಣಕಡ್ಡಿ ಮುರಿದ ಹಾಗೆ ಒಂದು ಸಣ್ಣ ಸದ್ದು. ಸಣ್ಣಿ ಓಡಿ ಇಳಿದಾಗ ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು, ಬಲಪಾದ ಇರಬಾರದ ಕಡೆಗೆ ತಿರುಗಿತ್ತು. ಅವಳು ಕಿರುಚಲಿಲ್ಲ. ಹಿಂದೆಯೇ ಇಳಿದುಬಂದ ಅಳಿಯನ ಮುಖ ನೋಡಿ, "ಜಾರ್ತು, ಅಷ್ಟೇ. ಈಗ ಎದ್ದೇಳ್ತೀನಿ. ಎದ್ದೇಳ್ತೀನಿ ಇರಿ" ಎಂದು ಎರಡು ಕೈಯನ್ನೂ ಮೆಟ್ಟಿಲಿಗೆ ಊರಿ ಏಳಲು ನೋಡಿದಳು.

"ಏಳ್ಬೇಡ!" ಎಂದು ಸಣ್ಣಿ ಅರಚಿದಳು. ಈ ಸಲ ದಡದವರೆಗೂ ಕೇಳಿಸಿತು. ಏನು ಪ್ರಯೋಜನ?

ಮೇಲೆ ಔಷಧಿ ಅಂಗಡಿಯವ ತಿರುವಿನಿಂದ ಪ್ರತ್ಯಕ್ಷನಾಗಿ, "ಅಬ್ಬಾ, ಜೀವ ಹೋಯ್ತು ಗುರುಗಳೇ!" ಎನ್ನುತ್ತಾ ಬರುತ್ತಿದ್ದ.

ಆಸ್ಪತ್ರೆಯಲ್ಲಿ ಮೂಳೆಗೆ ತಗಡು ಕೂರಿಸಿ ತಿರುಪು ಬಿಗಿದರು. ಕೀಲು ಇನ್ನು ಬಾಗುವುದಿಲ್ಲ ಎಂದರು. ಊರುಗೋಲು ಹಿಡಿದು ಓಡಾಡಬಹುದು. ಪೆಡಲ್ ಒತ್ತುವುದು ಮರೆತುಬಿಡಿ ಎಂದರು. ಭಾವ ಡಾಕ್ಟರಿಗೆ ಪಾಚಿಯ ಬಗ್ಗೆ ವಿವರಿಸಿದ, ಅತ್ತೆಯ ಚಪ್ಪಲಿಯ ಅಟ್ಟೆಯ ಬಗ್ಗೆ ವಿವರಿಸಿದ. "ಫಿಟ್‌ನೆಸ್ ಇದ್ದಿದ್ದಕ್ಕೇ ಇಷ್ಟರಲ್ಲಿ ಹೋಯ್ತು ಸಾರ್, ಬೇರೆಯವರಾಗಿದ್ರೆ ಸೊಂಟವೇ ಮುರೀತಿತ್ತು" ಎಂದ. ಅಕ್ಕ ಹೌದೌದೆಂದು ತಲೆಯಾಡಿಸಿದಳು. ಎಡಗಾಲಲ್ಲಿ ಪೆಡಲ್ ಒತ್ತುವ ತರಬೇತಿ ಕೊಡಿಸೋಣ, ಅದಕ್ಕೊಂದು ಟೈಮ್‌ಟೇಬಲ್ ಮಾಡೋಣ ಎಂದೂ ಹೇಳಿದ. ಊರಿಗೆ ಬಂದ ಮೇಲೆ ಅಮ್ಮ ಎಡಗಾಲಲ್ಲಿ ಒಂದು ಅಂಗಿ ಹೊಲಿದು ನೋಡಿದಳು. ಹೊಲಿಗೆ ಕುಡುಕ ನಡೆದ ದಾರಿಯಂತೆ ಹೋಯಿತು. ಬಟ್ಟೆಯನ್ನು ಬಿಚ್ಚದೆ ಹಾಗೇ ಮಡಿಸಿಟ್ಟು, ಯಂತ್ರ ತಗೊಂಡು ಹೋಗು ಎಂದು ಪಕ್ಕದ ಬೀದಿಯ ಹೊಲಿಗೆಯವಳಿಗೆ ಹೇಳಿ ಕಳಿಸಿದಳು.

ಈಗ ಅವಳು ಭಾವನ ಮನೆಯಲ್ಲಿದ್ದಾಳೆ. ಬೆಳಿಗ್ಗೆ ಬಾಲ್ಕನಿಯಲ್ಲಿ ಅವನು ಅವಳಿಗೆ ಕುರ್ಚಿಯಲ್ಲಿ ಕೂತು ಕೈ ಎತ್ತಿ ಇಳಿಸುವ ವ್ಯಾಯಾಮ ಹೇಳಿಕೊಡುತ್ತಾನೆ. ಅವಳು ಸಣ್ಣಿ ಹೇಳಿಕೊಟ್ಟದ್ದನ್ನು ಕೊನೆಗೂ ಕಲಿತಿದ್ದಾಳೆ. ಕೈಯನ್ನು ಅರ್ಧಕ್ಕೇ ಇಳಿಸಿ, ಅಯ್ಯೋ ಎನ್ನುತ್ತಾಳೆ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹೊತ್ತು ಕಳೆಯುತ್ತಾಳೆ. ಭಾವ ಟಾರ್ಗೆಟ್ ಇಳಿಸಿದ್ದಾನೆ. ಸಣ್ಣಿ ಲೈನ್ ಲೀಡರ್ ಆಗಿದ್ದಾಳೆ. ವಾರಕ್ಕೊಮ್ಮೆ ಬಂದು ಅಮ್ಮನ ಪಕ್ಕ ಕೂರುತ್ತಾಳೆ.

ಹೋದದ್ದು ಇಷ್ಟು: ಬಲಗಾಲಿನ ಒಂದು ಕೀಲು, ಒಂದು ಹೊಲಿಗೆ ಯಂತ್ರ, ಎರಡು ಶಾಲೆಗಳ ಸಮವಸ್ತ್ರದ ಕೆಲಸ, ಒಂದು ಬಾಡಿಗೆ ಕೋಣೆ ಮತ್ತು ರಜೆಯ ಕೊನೆಯ ಎರಡು ದಿನ.